ತೋಳದ ಏಳು ಡಬ್ಬಿಗಳು

ನನ್ನ ಗಂಡ ತೀರಿಕೊಂಡ ಮೇಲೆ, ಸೂತಕ ಕಳೆಯುವ ದಿನ ನಮ್ಮತ್ತೆ ಮನೆಯನ್ನೆಲ್ಲ ತೊಳೆಸಿದರು. ಸಂಜೆ ನೋಡಿದರೆ ಗೂಡಿನಲ್ಲಿದ್ದ ಏಳು ಪ್ಲಾಸ್ಟಿಕ್ ಡಬ್ಬಿಗಳು ಖಾಲಿಯಾಗಿ, ಅಡುಗೆಮನೆಯಲ್ಲಿ ಬೋರಲು ಬಿದ್ದಿದ್ದವು.

“ಡಬ್ಬಿ ಛಲೋ ಅದಾವ, ಸಾಸಿವಿ ಹಾಕಾಕ ಬರ್ತಾವಂತ ತೊಳದಿಟ್ಟೀನಿ. ಒಳಗಿನ ನಾಯಿ ಹೇಲು ತಿಪ್ಪಿಗೆ ಚೆಲ್ಲೀನಿ,” ಅಂದರು.

“ಅದು ನಾಯೀದಲ್ರಿ ಅತ್ತಿ, ತೋಳದ್ದು.”

“ತೋಳದ್ದಾದ್ರ ಗಮ್ ಅಂತೈತೇನು?”

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮಗನನ್ನು ಕಳೆದುಕೊಂಡವರ ಮೇಲೆ ಅದನ್ನು ತೋರಿಸುವುದು ಹೇಗೆ?

ನನ್ನ ಗಂಡ ತಾವರಗೇರಾ ಕಡೆಯ ಗುಡ್ಡಗಳಲ್ಲಿ ಕುರಿ ಕಾಯುತ್ತಿದ್ದರು. ಎರಡು ವರ್ಷದಿಂದ, ತೋಳಗಳ ಲೆಕ್ಕ ಮಾಡುವ ಲ್ಯಾಬಿನ ಮೇಡಂ ಒಬ್ಬರಿಗೆ ತೋಳದ ಮಲ ಆರಿಸಿ ಕಳಿಸುತ್ತಿದ್ದರು. ಮಲಕ್ಕೆ ಆ ಪ್ರಾಣಿಯ ಕರುಳಿನ ಕಣಗಳು ಅಂಟಿರುತ್ತವಂತೆ. ಅದರಿಂದ ಡಿಎನ್‌ಎ ತೆಗೆದರೆ ತೋಳವೋ ನಾಯಿಯೋ, ಮೊದಲೇ ಲೆಕ್ಕಕ್ಕೆ ಸಿಕ್ಕದ್ದೋ ಹೊಸದೋ, ಒಟ್ಟು ಎಷ್ಟಿವೆಯೋ ಗೊತ್ತಾಗುತ್ತದೆ. ಈ ವರ್ಷ ನಮ್ಮ ಗುಡ್ಡದಲ್ಲಿ ತೋಳಗಳೇ ಉಳಿದಿಲ್ಲ ಎಂದು ಎಲ್ಲರೂ ಅನ್ನುತ್ತಿದ್ದರು. “ಐದು ಅದಾವ. ಅದರಾಗ ಮೂರು ಮರಿ. ಈ ಡಬ್ಬಿ ಹೋಗ್ಲಿ, ಆಮ್ಯಾಲೆ ಮಾತಾಡ್ಲಿ,” ಅನ್ನುತ್ತಿದ್ದರು ಇವರು. ಡಬ್ಬಿ ಹೋಗುವ ಮೊದಲೇ ಅವರಿಗೆ ಎದೆನೋವು ಬಂತು.

ಮೇಡಂಗೆ ಫೋನ್ ಮಾಡಿದೆ. ಡಬ್ಬಿ ಖಾಲಿಯಾದವು, ಆದರೆ ನನ್ನ ಗಂಡನ ನೋಟ್‌ಬುಕ್ ಇದೆ, ಜಾಗ, ತಾರೀಖು ಎಲ್ಲ ಬರೆದಿದ್ದಾರೆ ಎಂದೆ.

“ಬರೆದಿದ್ದು ಸಾಕಾಗಲ್ಲಮ್ಮ. ಸ್ಯಾಂಪಲ್ ಇಲ್ಲದೆ ನಾನು ಲೆಕ್ಕಕ್ಕೆ ಹಿಡಿಯೋಕಾಗಲ್ಲ.”

ಗಂಡ ಕಣ್ಣಾರೆ ಕಂಡದ್ದಕ್ಕಿಂತ ಮಲಕ್ಕೇ ಬೆಲೆ ಹೆಚ್ಚೇ ಎಂದು ಕೇಳಬೇಕೆನಿಸಿತು. ಅದರ ಬದಲು ಹೊಸ ಡಬ್ಬಿಗಳನ್ನು ಕಳಿಸಿರಿ ಎಂದೆ.

ನೋಟ್‌ಬುಕ್ ಹಿಡಿದು ಗುಡ್ಡ ಹತ್ತಿದೆ. ‘ಜೋಡುಬಂಡೆಯ ಬಗಲು’ ಎಂದು ಬರೆದಿದ್ದರು. ಅಂಥ ಜೋಡುಬಂಡೆ ಅಲ್ಲಿ ಹತ್ತು ಕಡೆ ಇವೆ. ಮೂರು ದಿನ ತಿರುಗಿ ನಾಲ್ಕು ಡಬ್ಬಿ ತುಂಬಿಸಿದೆ. ಕೈ ತಾಗಿಸದೆ ಕಡ್ಡಿಯಿಂದ ಎತ್ತಿ, ತಾರೀಖು ಬರೆದು ಕಳಿಸಿದೆ. ಎರಡು ತಿಂಗಳು ಕಳೆದ ಮೇಲೆ ಉತ್ತರ ಬಂತು. ಎರಡು ಡಬ್ಬಿಯವು ಬಿಸಿಲಿಗೆ ಕೆಟ್ಟಿದ್ದವು, ಅವುಗಳಿಂದ ಏನೂ ಸಿಗಲಿಲ್ಲ. ಉಳಿದೆರಡು ನಾಯಿಯವು, ಅದೂ ಒಂದೇ ನಾಯಿಯವು.

“ನಾ ಹೇಳಲಿಲ್ಲೇನ?” ಅಂದರು ಅತ್ತೆ.

ಆ ಗುಡ್ಡದ ಮೇಲೆ ನಾಯಿ ಎಲ್ಲಿಂದ ಬಂತು? ಮರುದಿನ ನಮ್ಮ ಮನೆಯ ಕೆಂದು ಬಣ್ಣದ ನಾಯಿ ಊಟದ ಹೊತ್ತಿಗೆ ಮನೆಗೆ ಬಂತು. ಕಿವಿಯ ತುಂಬ ಗುಡ್ಡದ ಉತ್ತರಾಣಿ ಮುಳ್ಳು. ನನ್ನ ಗಂಡನ ಜೊತೆ ದಿನಾ ಗುಡ್ಡಕ್ಕೆ ಹೋಗುತ್ತಿದ್ದ ನಾಯಿ ಅದು. ಕುರಿಗಳನ್ನು ಮಾರಿದ್ದೇವೆ, ಅದು ಮಾತ್ರ ಹೋಗುವುದನ್ನು ಬಿಟ್ಟಿಲ್ಲ. ಅವರು ಕೂರುತ್ತಿದ್ದ ಬಂಡೆಯ ಬಗಲಲ್ಲೇ ನಾನು ಡಬ್ಬಿ ತುಂಬಿಸಿದ್ದೆ. ಮುಳ್ಳು ಬಿಡಿಸುತ್ತ ಅದಕ್ಕೆ ಒಂದು ಏಟು ಕೊಟ್ಟೆ. ಅದು ಕದಲಲಿಲ್ಲ, ನನ್ನ ಕೈಯೇ ನೋಯಿತು.

ಈ ಬೆಳಗ್ಗೆ ಮತ್ತೆ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡೆ. ಅತ್ತೆ ಎದ್ದು ಹೋಗಿ ನಾಯಿಯ ಕೊರಳಿಗೆ ಹಗ್ಗ ಹಾಕಿ ಕಂಬಕ್ಕೆ ಕಟ್ಟಿದರು.

“ಲಗೂನ ಹೋಗಿ ಬಾ. ಇದು ಒದರಾಕ ಹತ್ತಿದ್ರ ನನಗ ಕೇಳಾಕಾಗಲ್ಲ.”

ಗುಡ್ಡದ ಬುಡ ಮುಟ್ಟುವವರೆಗೂ ಅದರ ಕೂಗು ಕೇಳುತ್ತಿತ್ತು.