ಗಾಲಿಗೆ ಕೊಡುವ ಕಲ್ಲು

ನಮ್ಮ ಹಳೆಯ ವ್ಯಾನಿನಲ್ಲಿ ಹ್ಯಾಂಡ್ ಬ್ರೇಕ್ ಇತ್ತು, ಹಿಡಿಯುತ್ತಿರಲಿಲ್ಲ. ಅದು ಮಾಡಬೇಕಾದ ಕೆಲಸವನ್ನು ಒಂದು ಕಲ್ಲು ಮಾಡುತ್ತಿತ್ತು.

ಅಪ್ಪ ಲಕ್ಕವಳ್ಳಿಯಲ್ಲಿ ಅಣೆಕಟ್ಟಿನ ಕಚೇರಿಯ ಜೀಪು ಓಡಿಸಿ ನಿವೃತ್ತನಾದವನು. ಅಲ್ಲಿನ ಡ್ರೈವರುಗಳದ್ದು ಒಂದು ರೂಢಿ. ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿದರೆ ಹ್ಯಾಂಡ್ ಬ್ರೇಕಿನ ಲಿವರನ್ನು ನಂಬುವಂತಿಲ್ಲ, ಗಾಲಿಗೆ ಕಲ್ಲು ಕೊಡಬೇಕು. ಸೀಟಿನಡಿ ಕಲ್ಲಿಲ್ಲದವನನ್ನು ಅವರು ಡ್ರೈವರ್ ಎಂದೇ ಒಪ್ಪುತ್ತಿರಲಿಲ್ಲ. ನಿವೃತ್ತಿಯ ದಿನ ಅಪ್ಪ ಮನೆಗೆ ತಂದದ್ದು ಹಾರ, ಶಾಲು ಮತ್ತು ಜೀಪಿನ ಆ ಕಲ್ಲು. ಒಂದು ತುದಿ ದಪ್ಪ, ಇನ್ನೊಂದು ತೆಳು, ಟೈರಿಗೆ ಉಜ್ಜಿ ಉಜ್ಜಿ ನುಣುಪಾದದ್ದು. ಮುಂದೆ ಯಾರೋ ಓಡಿಸಿ ಬಿಟ್ಟ ವ್ಯಾನೊಂದನ್ನು ಕೊಂಡಾಗ ಕಲ್ಲು ಅದರೊಳಗೆ ಸೇರಿತು, ಕಲ್ಲು ಕೊಡುವ ಕೆಲಸ ಅಮ್ಮನ ಪಾಲಿಗೆ ಬಂತು. ಅಪ್ಪ ಬ್ರೇಕ್ ತುಳಿದು ಕೂತಿರುತ್ತಿದ್ದ. ಅಮ್ಮ ಇಳಿದು, ಸೆರಗು ಸಿಕ್ಕಿಸಿ, ಹಿಂದಿನ ಗಾಲಿಗೆ ಕಲ್ಲು ಹಾಕಿ "ಬಿಡ್ರೀ" ಅನ್ನುತ್ತಿದ್ದಳು. ಆಮೇಲೆ ಅಪ್ಪ ಕಾಲೆತ್ತುತ್ತಿದ್ದ. ಮಾತಿಗೆ ಮಾತು ಬೆಳೆದು ಮುನಿಸಿಕೊಂಡ ದಿನಗಳಲ್ಲೂ ಆ ಒಂದು ಮಾತು ಅವರ ನಡುವೆ ನಡೆಯಲೇಬೇಕಿತ್ತು.

ಅಜ್ಜಂಪುರದಲ್ಲಿ ಚಿಕ್ಕಮ್ಮನ ಮನೆಯಿರುವ ಓಣಿ ಕೆರೆ ಏರಿಯತ್ತ ಹತ್ತುತ್ತ ಹೋಗುತ್ತದೆ. ಚಿಕ್ಕಮ್ಮ ಅಮ್ಮನ ಒಬ್ಬಳೇ ತಂಗಿ. ಕಾಯಿಲೆಯಾಗಿ, ಕಣ್ಣು ಪೂರ್ತಿ ಮಂಜಾಗಿ, ನಡುಮನೆಯ ಮಂಚ ಹಿಡಿದಿದ್ದಳು. ಅಮ್ಮ ನಾವಿರುವ ತರೀಕೆರೆಯಿಂದ ವಾರಕ್ಕೊಮ್ಮೆ ವ್ಯಾನಿನಲ್ಲಿ ಹೋಗಿ ತಲೆ ಬಾಚಿ, ನಾಲ್ಕು ತುತ್ತು ಉಣ್ಣಿಸಿ ಬರುತ್ತಿದ್ದಳು. ಹೊರಗೆ ಕಲ್ಲು ಬಿದ್ದ ಸದ್ದಾದರೆ ಸಾಕು, ಒಳಗಿನಿಂದ ಚಿಕ್ಕಮ್ಮ ಸೊಸೆಗೆ "ಅಕ್ಕ ಬಂದ್ಲು, ಎಸರಿಗಿಡೇ" ಅಂತ ಕೂಗುವಳು.

ಹೋದ ವರ್ಷ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ವಾಕರ್ ಹಿಡಿದು ನಡೆಯುವ ಮಟ್ಟಕ್ಕೆ ಬಂದಳು, ಬಗ್ಗುವುದು ಮಾತ್ರ ಮುಗಿದೇಹೋಯಿತು. ಬಸ್ಸಿನ ಮೆಟ್ಟಿಲು ಅವಳಿಗೆ ಆಗದು. ಆಟೋದಲ್ಲಿ ಒಮ್ಮೆ ಹೊರಟು, ಕುಲುಕಾಟ ತಾಳದೆ ಅರ್ಧ ದಾರಿಯಲ್ಲೇ ಅತ್ತು ವಾಪಸು ಬಂದಳು. ಉಳಿದದ್ದು ವ್ಯಾನು.

ಆಪರೇಷನ್ ಆದಮೇಲೆ ಮೊದಲ ಸಲ ವ್ಯಾನಿನಲ್ಲಿ ಹೋದ ದಿನವೇ ಅದು ನಡೆಯಿತು. ಅಪ್ಪ ಓಣಿಯಲ್ಲಿ ಗಾಡಿ ನಿಲ್ಲಿಸಿ, ಲಿವರ್ ಎಳೆದು, ಹಿಂದಿನಿಂದ ವಾಕರ್ ತೆಗೆಯಲು ಇಳಿದ. ಕಲ್ಲು ಕೊಡುವವಳು ಸೀಟಿನಲ್ಲೇ ಇದ್ದಾಳೆ ಎಂಬುದು ಅವನಿಗೆ ಹೊಳೆಯಲಿಲ್ಲವೋ, ಆಮೇಲೆ ಕೊಟ್ಟರಾಯಿತು ಅಂದುಕೊಂಡನೋ. ಅಮ್ಮ ಬಾಗಿಲು ತೆಗೆದು ಒಂದು ಕಾಲನ್ನು ನೆಲಕ್ಕಿಟ್ಟಿದ್ದಳು. ವ್ಯಾನು ಹಿಂದಕ್ಕೆ ಸರಿಯಿತು. ಓಣಿಯವರು ಓಡಿಬಂದು ಹೆಗಲು ಕೊಟ್ಟು ತಡೆದರು. ಅಮ್ಮನಿಗೆ ಏಟಾಗಲಿಲ್ಲ. ಅದೇ ವ್ಯಾನಿನಲ್ಲಿ ಕಣ್ಣು ಮುಚ್ಚಿಕೊಂಡು ನಮ್ಮ ಮನೆಗೆ ಬಂದವಳು ವಾಕರ್ ಗೋಡೆಗೊರಗಿಸಿ ಹೇಳಿದಳು: "ಇನ್ ಆ ಗಾಡಿ ಹತ್ತಲ್ಲ ನಾನು."

ನಾನು ಜೊತೆಗೆ ಬಂದು ಕಲ್ಲು ಕೊಡುತ್ತೇನೆ ಅಂದೆ.

"ನೀನು ಇದೀಯ ಅಂತ ನಿಲ್ಲೋ ಗಾಡಿ ಬ್ಯಾಡ ಕಣೇ. ತಾನಾಗಿ ನಿಲ್ಲೋದಾದ್ರೆ ಹೇಳು."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ-ವಿರೋಧ ಎರಡೂ ಕಡೆ ನಿಂತು ಗೆದ್ದವಳು ನಾನು. ಎದುರಾಳಿಯ ಮಾತು ಸರಿಯಾಗಿದ್ದಾಗ ಎಲ್ಲಿ ಸುಮ್ಮನಾಗಬೇಕು ಎಂಬುದೂ ಗೊತ್ತು.

ಆದರೆ ಅವಳ ಮುಂದಿನ ವಾದಕ್ಕೆ ಸುಮ್ಮನಿರಲಾಗಲಿಲ್ಲ. ನಮ್ಮ ವ್ಯಾನಿನ ಗಾಜಿನ ಹಿಂದೆ ಅಪ್ಪ ಇಟ್ಟ ಪುಟ್ಟ ಬುದ್ಧನಿದ್ದಾನೆ, ಬಂಪರಿನ ಕೆಳಗೆ ಅಮ್ಮ ಕಟ್ಟಿದ ನಿಂಬೆಹಣ್ಣು-ಮೆಣಸಿನಕಾಯಿ ಇದೆ. ಅವೆರಡೂ ಒಂದಕ್ಕೊಂದು ತಂಟೆ ಮಾಡಿಕೊಂಡದ್ದಿಲ್ಲ, ತಂಟೆಯೆಲ್ಲ ನನ್ನದು. ಹಿಂದಿನ ಆಯುಧಪೂಜೆಯಲ್ಲಿ ಗಾಲಿಗೆ ನಿಂಬೆಹಣ್ಣಿಟ್ಟು ಹತ್ತಿಸುವುದು ಬೇಡವೆಂದು ವಾದಿಸಿ ತಪ್ಪಿಸಿದ್ದೆ. ಅಮ್ಮ ಈಗ ಅದನ್ನೇ ಹಿಡಿದಳು.

"ಅವತ್ತು ಇಟ್ಟಿದ್ರೆ ಇವತ್ತು ಹಿಂಗಾಯ್ತಿತ್ತಾ?"

"ಅಮ್ಮಾ, ಅದಕ್ಕೂ ಮೊದ್ಲು ಎಷ್ಟು ವರ್ಷ ಇಟ್ಟಿದೀವಿ? ಆ ವರ್ಷಗಳಲ್ಲೂ ಕಲ್ಲು ಕೊಡ್ತಿದ್ದೆ ತಾನೇ? ನಿಂಬೆಹಣ್ಣು ಕಾಯೋದಾದ್ರೆ ಕಲ್ಲು ಯಾಕಿತ್ತು?"

"ಆಯ್ತು ಲಾಯರಮ್ಮ, ನೀನೇ ಗೆದ್ದೆ. ಈಗ ನನ್ ತಂಗಿ ಮನೆಗೆ ಹೋಗೋದು ಹೆಂಗೆ?"

ಗೆದ್ದ ವಾದ ಎಷ್ಟು ನಿರುಪಯೋಗಿಯಾಗಿರಬಲ್ಲದು ಎಂದು ಅವತ್ತು ನೋಡಿದೆ. ಅದೇ ವಾರ ಅಜ್ಜಂಪುರದಿಂದ ಫೋನು ಬಂತು. ಚಿಕ್ಕಮ್ಮ ಊಟ ಬಿಟ್ಟಿದ್ದಾಳೆ, ಕರೆದರೆ ಒಮ್ಮೊಮ್ಮೆ ಓಗೊಡುವುದಿಲ್ಲ, ಅಕ್ಕ ಯಾಕೆ ಬರುತ್ತಿಲ್ಲ ಅಂತ ಮಾತ್ರ ಕೇಳುತ್ತಾಳೆ. ಫೋನನ್ನು ಕಿವಿಗೆ ಹಿಡಿದರೆ ಮಾತಾಡದೆ ಅಳುತ್ತಾಳಂತೆ. ಅಮ್ಮ ಕೇಳಿಸಿಕೊಂಡು ಅಕ್ಕಿ ಆರಿಸುವುದನ್ನು ಮುಂದುವರಿಸಿದಳು. ಆರಿಸಿದ ಅಕ್ಕಿಯನ್ನೇ ಮತ್ತೆ ಮೊರಕ್ಕೆ ಸುರಿದು ಆರಿಸುತ್ತಿದ್ದಳು.

ಅಪ್ಪ ಸ್ಪ್ಯಾನರ್ ತೆಗೆದುಕೊಂಡು ವ್ಯಾನಿನೊಳಗೆ ಹೋದ. ಲಿವರಿನ ಬುಡದಲ್ಲಿ ಕೇಬಲ್ಲನ್ನು ಎಳೆದು ಹಿಡಿಯುವ ನಟ್ಟೊಂದಿದೆ. ಅದನ್ನು ಬಿಗಿ ಮಾಡಿ, ಲಿವರ್ ಎಳೆದು ನನ್ನನ್ನು ಕರೆದ. "ಬಾ, ಎಳ್ದು ನೋಡು. ಕಬ್ಣ ಆಗೈತೆ."

ಎಳೆದೆ. ನಿಜ, ಕೈಗೆ ಗಟ್ಟಿಯಾಗಿ ಸಿಕ್ಕುತ್ತಿತ್ತು. "ಕೈಗೆ ಗಟ್ಟಿ ಆದ್ರೆ ಗಾಲಿಗೂ ಗಟ್ಟಿ ಅಂತ ಹೆಂಗಪ್ಪಾ ಹೇಳ್ತೀಯ?"

"ಲೇ, ಅಣೆಕಟ್ಟಿನ ರಸ್ತೇಲಿ ಆಯಸ್ಸು ಕಳ್ದಿದೀನಿ ನಾನು."

"ಕಲ್ಲು ಕೊಟ್ಕಂಡು ಕಳ್ದಿದೀಯ. ಹ್ಯಾಂಡ್ ಬ್ರೇಕ್ ನಂಬ್ಕಂಡು ಅಲ್ವಲ್ಲ."

ಅಪ್ಪನ ಮುಖ ಬಿಗಿಯಿತು. ಆದರೂ ಗೇರ್ ತೆಗೆದು, ನಮ್ಮ ಮನೆ ಮುಂದಿನ ಇಳಿಜಾರಿನಲ್ಲಿ ಬ್ರೇಕಿನಿಂದ ಕಾಲನ್ನು ಮೆಲ್ಲಗೆ ಎತ್ತಿದ. ಒಂದು ಕ್ಷಣ ವ್ಯಾನು ನಿಂತಿತು. ಆಮೇಲೆ, ಯಾರೋ ಹಿಂದಿನಿಂದ ನಯವಾಗಿ ಕರೆದ ಹಾಗೆ, ಸರಿಯತೊಡಗಿತು. ಅಪ್ಪ ಬ್ರೇಕ್ ತುಳಿದು ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟು ಕೂತುಬಿಟ್ಟ. "ಅವತ್ತು ಓಣಿಯೋರು ಇರ್ದಿದ್ರೆ..." ಅಂದ.

ಮರುದಿನ ಮುಂದಿನ ಗಾಲಿಗಳಿಗೆ ಆ ಕಲ್ಲನ್ನೂ ಒಂದು ಇಟ್ಟಿಗೆಯನ್ನೂ ಕೊಟ್ಟು, ಹಿಂಭಾಗವನ್ನು ಜಾಕಿನಿಂದೆತ್ತಿ, ಗಾಲಿ ಕಳಚಿದೆವು. ಡ್ರಮ್ಮು ಬರಲು ಹಟ ಮಾಡಿತು, ಸುತ್ತಿಗೆಯಿಂದ ಸುತ್ತಲೂ ತಟ್ಟಿ ಬಿಡಿಸಿದೆವು. ಒಳಗೆ ನೋಡಿದರೆ, ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯಬೇಕಾದ ಎರಡು ಬ್ರೇಕ್ ಶೂಗಳು ಸವೆದು ಹೊಳೆಯುತ್ತಿದ್ದವು. ಅವು ಸವೆದಂತೆಲ್ಲ ಡ್ರಮ್ಮಿನ ಹತ್ತಿರಕ್ಕೆ ತರಲು ಒಂದು ಹಲ್ಲಿನ ಚಕ್ರವಿದೆ, ಅದು ತುಕ್ಕು ಹಿಡಿದು ಕೂತಿತ್ತು. ಅಪ್ಪ ಬಿಗಿ ಮಾಡಿದ್ದು ಕೇಬಲ್ಲನ್ನು. ಕೇಬಲ್ ಎಳೆಯುತ್ತಿದ್ದದ್ದು ಎಲ್ಲಿಯೂ ತಲುಪದ ಶೂಗಳನ್ನು.

ತರೀಕೆರೆಯಲ್ಲಿ ಈ ವ್ಯಾನಿನ ಶೂ ಸಿಗಲಿಲ್ಲ. ನಾನು ಬಸ್ ಹಿಡಿದು ಕಡೂರಿಗೆ ಹೋಗಿ ತಂದೆ. ಅಪ್ಪ ಎಣ್ಣೆ ಬಿಟ್ಟು ಆ ಚಕ್ರವನ್ನು ತಿರುಗುವಂತೆ ಮಾಡಿದ್ದ. ಹೊಸ ಶೂ ಕೂರಿಸಿ, ಗಾಲಿ ಕೈಯಲ್ಲಿ ತಿರುಗಿಸಿದರೆ ಸಣ್ಣಗೆ ಉಜ್ಜುವ ಸದ್ದು ಬರುವ ತನಕ ಹತ್ತಿರ ತಂದು, ಆಮೇಲೆ ತುಸು ಸಡಿಲಿಸಿದೆವು. ಎರಡೂ ಗಾಲಿ ಹಾಗೆ ಮಾಡಿ, ಅಪ್ಪ ಬಿಗಿದಿದ್ದ ನಟ್ಟನ್ನು ಬಿಚ್ಚಿ ಹೊಸದಾಗಿ ಹದಕ್ಕೆ ತಂದೆವು. ಈಗ ಲಿವರ್ ಎಳೆಯಲು ಮೊದಲಿಗಿಂತ ಹಗುರವಾಗಿತ್ತು. ಎಳೆದರೆ ಎರಡೂ ಗಾಲಿ ಅಲುಗುತ್ತಿರಲಿಲ್ಲ.

ಅಪ್ಪ ಒಳಗೆ ಹೋಗಿ ಅಮ್ಮನಿಗೆ ಹೇಳಿದ. ಅವಳು ನನ್ನ ಮುಖ ನೋಡಿದಳು.

"ನಿಮ್ಮಿಬ್ರ ಮಾತು ನಂಗ್ಬ್ಯಾಡ. ಒಂದು ನಿಂಬೆಹಣ್ಣು ತಗಾ."

ನಾನು ಬಾಯಿ ತೆರೆಯುವಷ್ಟರಲ್ಲಿ "ಪೂಜೆಗಲ್ಲ ಕಣೇ, ಸುಮ್ನೆ ತಗಾ" ಅಂದಳು.

ವ್ಯಾನನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಗೇರ್ ತೆಗೆದು, ಲಿವರ್ ಎಳೆದು, ಕಲ್ಲಿಲ್ಲದೆ ಬಿಡಬೇಕು. ಹಿಂದಿನ ಟೈರಿಗೆ ತಾಗಿದಂತೆ ತಗ್ಗಿನ ಕಡೆ ನಿಂಬೆಹಣ್ಣಿಡಬೇಕು. ಗಾಡಿ ಕೂದಲೆಳೆಯಷ್ಟು ಸರಿದರೂ ಹಣ್ಣು ನಜ್ಜುತ್ತದೆ. ಇದು ಅವಳು ಹೇಳಿದ ಪರೀಕ್ಷೆ, ಮತ್ತು ನಾನು ಕಂಡ ಪರೀಕ್ಷೆಗಳಲ್ಲಿ ಇಷ್ಟು ನೇರವಾದದ್ದು ಕಡಿಮೆ. ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಅಮ್ಮ ಬೆಳಗಿನ ತಿಂಡಿಯಿಂದ ಮಧ್ಯಾಹ್ನದ ಊಟದವರೆಗೆ ಆ ಟೈರನ್ನೇ ನೋಡುತ್ತ ಕೂತಳು. ಹೋಗಿಬರುವವರು ಕೇಳಿದರು: "ಏನಮ್ಮಾ, ಗಾಡಿ ಕಾಯ್ತಿದೀರಾ?" "ಹೂಂ ಕಣಪ್ಪ, ಓಡ್ಹೋಯ್ತದೆ ಅದು."

ಊಟದ ಹೊತ್ತಿಗೆ ನಿಂಬೆಹಣ್ಣನ್ನು ತರಿಸಿಕೊಂಡು, ಬೆರಳಲ್ಲಿ ಒತ್ತಿ ನೋಡಿ, ಸೆರಗಿನಲ್ಲಿ ಒರೆಸಿದಳು. "ನಡೀರಿ. ಅವ್ಳಿಗೆ ಪಾನಕ ಮಾಡಿ ಕೊಡಾಣ."

ಓಣಿಯಲ್ಲಿ ಅಪ್ಪ ವ್ಯಾನು ನಿಲ್ಲಿಸಿ ಲಿವರ್ ಎಳೆದ. ಯಾರೂ ಇಳಿಯಲಿಲ್ಲ. ಅಮ್ಮ ಕಿಟಕಿಯಾಚೆಯ ಲೈಟುಕಂಬವನ್ನು ದಿಟ್ಟಿಸುತ್ತಿದ್ದಳು. ಅಪ್ಪ ಕಾಲೆತ್ತಿದ. ಕಂಬ ಇದ್ದಲ್ಲೇ ಇತ್ತು. "ಬಾಗ್ಲು ತೆಗಿ" ಅಂದಳು.

ನಡುಮನೆಯಲ್ಲಿ ಚಿಕ್ಕಮ್ಮ ಗೋಡೆಗೆ ತಿರುಗಿ ಮಲಗಿದ್ದಳು. ಮಂಚದ ತುಂಬ ಇರುತ್ತಿದ್ದವಳು ಒಂದು ಮೂಲೆಗಾಗಿದ್ದಳು. ಅಮ್ಮ ಕುರ್ಚಿಯಲ್ಲಿ ಕೂತು ಅವಳ ಕೈ ಹಿಡಿದಳು. ಚಿಕ್ಕಮ್ಮ ಕೈ ಎಳೆದುಕೊಂಡಳು.

"ಯಾರು?"

"ನಾನು ಕಣೇ, ಅಕ್ಕ."

"ಸುಳ್ಳು. ಎಲ್ರೂ ಹಂಗೇ ಅಂತಾರೆ, ನಾನು ಉಣ್ಲಿ ಅಂತ." ದನಿ ತೀರ ಸಣ್ಣಗಿತ್ತು. "ಅಕ್ಕ ಬಂದ್ರೆ ಕಲ್ಲು ಬೀಳ್ತದೆ."

ಅಮ್ಮ ಬ್ರೇಕಿನ ವಿಷಯ ಹೇಳಲು ಹೋದಳು, ಚಿಕ್ಕಮ್ಮ ಗೋಡೆಯಿಂದ ಈಚೆ ತಿರುಗಲಿಲ್ಲ. ಅಪ್ಪ ನೆಲ ನೋಡುತ್ತಿದ್ದ. ಕಣ್ಣಿಲ್ಲದವಳು ಕೇಳುತ್ತಿದ್ದದ್ದು ಸಾಕ್ಷಿ, ಅದರಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಹೊರಗೆ ಹೋಗಿ, ಸೀಟಿನಡಿಯಿಂದ ಕಲ್ಲು ತೆಗೆದು, ಹಿಂದಿನ ಗಾಲಿಯ ಬಳಿ ಕಾಂಕ್ರೀಟಿನ ಮೇಲೆ ಎತ್ತಿಹಾಕಿದೆ.

ಒಳಗಿನಿಂದ ಕೂಗು ಬರಲಿಲ್ಲ, ಅಷ್ಟು ಶಕ್ತಿ ಅವಳಲ್ಲಿರಲಿಲ್ಲ. ನಾನು ಬಾಗಿಲಿಗೆ ಬರುವಷ್ಟರಲ್ಲಿ ಚಿಕ್ಕಮ್ಮನ ಕೈ ಅಮ್ಮನ ಮಡಿಲಲ್ಲಿತ್ತು. "ಈಗ ಬಂದ್ಲು" ಅನ್ನುತ್ತಿದ್ದಳು. ಸೊಸೆ ಬಾಚಣಿಗೆ ತಂದುಕೊಟ್ಟಳು. ಪಾನಕ ಎರಡು ಚಮಚ ಒಳಗೆ ಹೋಯಿತು.

ಆಮೇಲೆ ಅಮ್ಮ ಇನ್ನೂ ಕೆಲವು ಸಲ ಅಲ್ಲಿಗೆ ಹೋದಳು, ಚಿಕ್ಕಮ್ಮ ತೀರಿಕೊಳ್ಳುವ ತನಕ. ಹೋದಾಗೆಲ್ಲ ಕಲ್ಲು ಹಾಕುತ್ತಿದ್ದದ್ದು ನಾನೇ. ಆ ಮೊದಲ ದಿನ ಕಲ್ಲು ಟೈರಿಗೆ ತಾಗದೆ ಒಂದು ಬೆರಳಿನಷ್ಟು ದೂರದಲ್ಲಿ ಬಿದ್ದಿತ್ತು. ಸಂಜೆ ಹೊರಡುವಾಗ ಬಗ್ಗಿ ನೋಡಿದೆ. ಕಲ್ಲಿಗೂ ಟೈರಿಗೂ ನಡುವಿನ ಆ ಒಂದು ಬೆರಳಿನ ಜಾಗ ಹಾಗೆಯೇ ಇತ್ತು.