ನೂರು ಕೊಕ್ಕರೆಯ ಗುತ್ತಿಗೆ

ನೂರು ಕಾಗದದ ಕೊಕ್ಕರೆಗೆ ನಾನು ಕೊಟ್ಟದ್ದು ಇಪ್ಪತ್ತೈದು ರೂಪಾಯಿ, ಅದೂ ಕಾಗದ ನನ್ನ ಅಂಗಡಿಯದೇ. ಮುನಿಸಿಕೊಂಡ ತಂಗಿಯನ್ನು ನಾಗರಪಂಚಮಿಗೆ ಕರೆತರಲು ಅಷ್ಟು ಸಾಕೆಂದು ಲೆಕ್ಕ ಹಾಕಿದ್ದೆ. ಎಂಬತ್ತರ ದಶಕದ ಕೊನೆಯ ಮಾತು. ಸಿಂಧನೂರಿನ ಬಸ್‌ಸ್ಟ್ಯಾಂಡಿನ ಎದುರು ನನ್ನ ಪಾಟಿ, ಪೆನ್ನು, ನೋಟ್‌ಬುಕ್ಕಿನ ಅಂಗಡಿ ಆಗಷ್ಟೇ ಕುದುರಿತ್ತು. ಯಾರ ಹಂಗೂ ಇಲ್ಲದೆ ಮೇಲೆ ಬಂದವನೆಂಬ ಸೊಕ್ಕು ಬೇಕಾದಷ್ಟಿತ್ತು.

ಮುನಿಸಿಗೆ ಕಾರಣ ನಾನೇ. ತಂಗಿ ಲಿಂಗಸುಗೂರಿನಲ್ಲಿ ಬಾಲವಾಡಿ ಟೀಚರು. ನಾನು ಹೊಸ ಮನೆ ಹೊಕ್ಕ ದಿನ, ಅವಳು ತನ್ನ ಸಂಬಳದಲ್ಲಿ ಕೊಂಡ ಧೋತರವನ್ನು ನನಗೆ ಉಡುಗೊರೆಯಾಗಿ ಆಯೇರಿ ಮಾಡಿದಳು. ನಾನು ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, ಅವಳ ಅತ್ತೆ ಮಾವನ ಎದುರಿಗೇ, "ಎಷ್ಟು ಕೊಟ್ಟೆವ್ವಾ ಇದಕ್ಕ? ಮೋಸ ಹೋಗೀದಿ. ನನಗ ಹೇಳಿದ್ರ ಅರ್ಧ ರೇಟಿಗೆ ಕೊಡಿಸ್ತಿದ್ದೆ" ಎಂದೆ. ಯಾರೋ ನಕ್ಕರು. ಅವಳು ನಗಲಿಲ್ಲ. ಉಪಕಾರದ ಮಾತು ಹೇಳಿದೆನೆಂದೇ ನಾನು ತಿಳಿದಿದ್ದೆ. ಮುಂದಿನ ಎರಡು ಪಂಚಮಿಗೆ ಅವಳು ಬರಲಿಲ್ಲ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳು ತವರಿಗೆ ಬರಲಿಲ್ಲವೆಂದರೆ ಓಣಿಗೆಲ್ಲ ಸುದ್ದಿ. ನನ್ನ ಜೊತೆಗಿದ್ದ ಅವ್ವ ಎರಡೂ ವರ್ಷ ಜೋಕಾಲಿ ಕಟ್ಟಿಸಲಿಲ್ಲ.

ಮೂರನೆಯ ಶ್ರಾವಣದಲ್ಲಿ ಬಸ್ಸಿನ ಕಂಡಕ್ಟರೊಬ್ಬ ತಂಗಿಯ ಲಕೋಟೆ ತಂದುಕೊಟ್ಟ. ಒಳಗೆ ನೋಟ್‌ಬುಕ್ಕಿನ ಹಾಳೆಯಲ್ಲಿ ಮಡಚಿದ ಒಂದು ಕೊಕ್ಕರೆ, ಒಂದು ಚೀಟಿ. ಜಪಾನಿನಲ್ಲಿ ಬಾಂಬು ಬಿದ್ದ ಊರಿನ ಮಕ್ಕಳು ಶಾಂತಿಗಾಗಿ ಇದನ್ನು ಮಡಚುತ್ತಾರೆಂದು ತರಬೇತಿಯಲ್ಲಿ ಕಲಿಸಿದರಂತೆ. "ನೀನೂ ಒಂದು ಮಡಚಿಕೊಂಡು ಕರಿಯಾಕ ಬಾ, ಬರ್ತೀನಿ" ಎಂದು ಬರೆದಿದ್ದಳು.

ಅವ್ವ ಚೀಟಿ ಓದಿಸಿಕೊಂಡು, "ಒಂದು ಹಾಳಿ ಮಡಚಾಕ ನಿನಗೇನು ಬ್ಯಾನಿ?" ಎಂದವಳೇ ಉಂಡಿಗೆ ಶೇಂಗಾ ಹುರಿಯಲು ಕೂತಳು.

ಹೇಗೆ ಮಾಡಿದ್ದಾಳೆ ನೋಡೋಣವೆಂದು ಕೊಕ್ಕರೆಯನ್ನು ಬಿಚ್ಚಿದೆ. ಹೊಸ ಮಾಲು ಯಾವುದೇ ಬರಲಿ, ಬಿಚ್ಚಿ ನೋಡುವುದು ನನ್ನ ಚಾಳಿ. ರೆಕ್ಕೆ ಹೋಯಿತು, ಕೊಕ್ಕು ಹೋಯಿತು, ಗೆರೆ ಬಿದ್ದ ಹಾಳೆಯೊಂದು ಕೈಯಲ್ಲಿ ಉಳಿಯಿತು. ಮತ್ತೆ ಮಡಚಲು ಹೋದರೆ ಒಮ್ಮೆ ದೋಣಿಯಾಯಿತು, ಒಮ್ಮೆ ಏನೂ ಆಗಲಿಲ್ಲ. ಗಿರಾಕಿಗಳು ನಿಂತಿದ್ದರು. ಬಿಟ್ಟುಬಿಟ್ಟೆ.

ಮೊಹರಂಗೆ ಬಣ್ಣದ ಕಾಗದದ ಡೋಲಿ ಕಟ್ಟುವ ಸಾಹೇಬರೊಬ್ಬರು ನನ್ನ ಖಾಯಂ ಗಿರಾಕಿ. ತಂಗಿಯ ಚೀಟಿಯ ಮಾತು ಹೇಳಿ ಹಾಳೆಯನ್ನು ಅವರ ಮುಂದಿಟ್ಟೆ. ಗೆರೆಗಳ ಮೇಲೆ ಬೆರಳಾಡಿಸಿ, ಬೇರೆ ಕಾಗದದಲ್ಲಿ ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ಕೊಕ್ಕರೆಯನ್ನು ನಿಲ್ಲಿಸಿಯೇಬಿಟ್ಟರು.

"ಕೂಡ್ರಿ ಸೇಠ, ಕಲಿಸ್ತೀನಿ. ಒಂದು ತಾಸಿನ ಕೆಲಸ."

"ನನಗೆಲ್ಲಿ ಪುರಸೊತ್ತು? ನೀವ ಮಾಡಿಬಿಡ್ರಿ. ನೂರಕ್ಕ ಏನು ರೇಟು ಹಚ್ತೀರಿ?"

"ಆಕಿ ಕೇಳಿದ್ದು ಒಂದ ಅಲ್ಲೇನ್ರಿ?"

"ಒಂದು ಒಯ್ಯಾಕ ನಾ ಏನು ಭಿಕಾರಿ ಏನ್ರಿ?"

ನಲವತ್ತು ಎಂದರು. ಮೊಹರಂ ಕೆಲಸ ತಲೆಯ ಮೇಲಿದೆ ಎಂದರು. ನಾನು ಇಪ್ಪತ್ತೈದಕ್ಕೆ ಇಳಿಸಿದೆ. "ರಾಜಿ ಆಗೂದ್ರಾಗೂ ಚೌಕಾಸಿ ಮಾಡಾವ್ರು ನೀವೊಬ್ಬರ ನೋಡ್ರಿ" ಎನ್ನುತ್ತ ಕಾಗದ ಎಣಿಸಿಕೊಂಡರು. ನನಗದು ಹೊಗಳಿಕೆಯಂತೆ ಕೇಳಿಸಿತು.

ಪಂಚಮಿಯ ಹಿಂದಿನ ದಿನ ದೊಡ್ಡ ರಟ್ಟಿನ ಡಬ್ಬಿ ಹೊತ್ತುಕೊಂಡು ಬಸ್ಸು ಹತ್ತಿದೆ. ಮಸ್ಕಿಯಲ್ಲಿ ಬಸ್ಸು ನಿಂತಾಗ ಗುಡ್ಡದ ಕೆಳಗಿನ ನಮ್ಮ ಹಳೆಯ ಓಣಿಯತ್ತ ನೋಡಿದೆ. ಚಿಕ್ಕವರಿದ್ದಾಗ ಅಲ್ಲಿ ನಾವಿಬ್ಬರೂ ಕಿರಾಣಿ ಅಂಗಡಿಗೆ ಹಳೆ ಪೇಪರಿನ ಪೊಟ್ಟಣ ಅಂಟಿಸುತ್ತಿದ್ದೆವು. ನನ್ನವು ಸೊಟ್ಟಗಾಗುತ್ತಿದ್ದವು. ನನ್ನ ಪಾಲನ್ನೂ ಅವಳೇ ಅಂಟಿಸಿಕೊಡುತ್ತಿದ್ದಳು, ನಾನು ಹೋಗಿ ರೇಟು ಮಾತಾಡಿ ಬರುತ್ತಿದ್ದೆ.

ಲಿಂಗಸುಗೂರಿನ ಮನೆಯಲ್ಲಿ ಅವಳ ಚೀಲ ಆಗಲೇ ತುಂಬಿ ಬಾಗಿಲ ಬಳಿ ಕೂತಿತ್ತು. ನಗುತ್ತ ಡಬ್ಬಿ ತೆರೆದು, ಒಂದು ಕೊಕ್ಕರೆ ಎತ್ತಿ, ಅದರ ಅಂಚನ್ನು ಉಗುರಿನಿಂದ ಸವರಿದಳು.

"ಇಷ್ಟೂ ನೀ ಮಡಚೀದೇನು?"

"ಮತ್ತ ಯಾರು?"

"ಒಂದು ಪೊಟ್ಟಣದ ಮೂಲಿ ನೆಟ್ಟಗ ಕೂಡಿಸಾಕ ಬರ್ತಿದ್ದಿಲ್ಲ ನಿನಗ." ಇನ್ನೂ ನಗುತ್ತಿದ್ದಳು. "ಖರೇ ಹೇಳೋ ಅಣ್ಣಾ, ಎಷ್ಟಕ್ಕ ಮಾತಾಡಿದಿ?"

ಅವಳು ನಗುತ್ತಿದ್ದಾಳಲ್ಲ ಎಂದು ನಾನೂ ನಕ್ಕೆ. "ಸಾಹೇಬ್ರು ನಲವತ್ತು ಅಂದಿದ್ರು. ಇಪ್ಪತ್ತೈದಕ್ಕ ಇಳಿಸೀನಿ ನೋಡು!"

"ನಾ ಕಳಿಸಿದ್ದು ಎಲ್ಲೈತಿ?"

ಬಿಚ್ಚಿದೆ ಎಂದೆ. ಅವಳು ಡಬ್ಬಿಯ ಮುಚ್ಚಳ ಹಾಕಿದಳು. "ಚಲೋ ಅದಾವ. ಹಬ್ಬ ಮುಗಿದ ಮ್ಯಾಲೆ ಬಾಲವಾಡಿ ಹುಡುಗರಿಗೆ ಕೊಡ್ತೀನಿ." ರೊಟ್ಟಿ ಹಾಕಿದಳು, ಬೇಡವೆಂದರೂ ಪಲ್ಯ ಎರಡು ಸಲ ಬಡಿಸಿದಳು. ನಾನು ಕೈತೊಳೆದು ಬರುವಷ್ಟರಲ್ಲಿ ಬಾಗಿಲ ಬಳಿಯ ಚೀಲ ಒಳಗೆ ಹೋಗಿತ್ತು.

"ಅವ್ವಗ ಏನಂತ ಹೇಳ್ಲಿಬೇ?"

"ರೇಟು ಹೊಂದಲಿಲ್ಲ ಅಂತ ಹೇಳು."

ಹೇಳಲಿಲ್ಲ. ತಂಗಿಯ ಮಗುವಿಗೆ ಜ್ವರ ಎಂದು ಅವ್ವನಿಗೆ ಸುಳ್ಳು ಹೇಳಿದೆ. ಅವ್ವ ಆ ವರ್ಷ ಜೋಕಾಲಿ ಕಟ್ಟಿಸಿದ್ದಳು. ಮರುದಿನ ಓಣಿಯ ಹುಡುಗಿಯರು ಅದರಲ್ಲಿ ತೂಗಿಕೊಂಡರು. ಅವ್ವ ಉಂಡಿಗಳನ್ನು ಬಟ್ಟೆಯಲ್ಲಿ ಕಟ್ಟಿ, ಲಿಂಗಸುಗೂರಿಗೆ ಹೊರಟಿದ್ದ ಬಸ್ಸಿಗೆ ತಾನೇ ಒಯ್ದು ಕೊಟ್ಟುಬಂದಳು. ನನ್ನ ಕೈಯಲ್ಲಿ ಕಳಿಸಲಿಲ್ಲ. ಅವಳಿಗೆ ಎಷ್ಟು ಗೊತ್ತಿತ್ತೋ, ಕೇಳುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ.

ಮೊಹರಂ ಕಳೆದ ಮೇಲೆ ಸಾಹೇಬರ ಪಕ್ಕ ಕೂತು ಕಲಿತೆ. ಕತ್ತು ಡೊಂಕಾದ ಒಂದು ಕೊಕ್ಕರೆಯನ್ನು ಮುಂದಿನ ವರ್ಷ ಒಯ್ದೆ. ತಂಗಿ ಬಂದಳು. ಅವ್ವ ಇರುವವರೆಗೂ ಪ್ರತಿ ಪಂಚಮಿಗೆ ಬಂದಳು, ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಮೊದಲಿನಂತೆ ನಾಲ್ಕು ದಿನ ಇರಲಿಲ್ಲ.

ನೀವೂ ಯಾರಿಗಾದರೂ ಮಡಚುವವರಿದ್ದರೆ ಕೇಳಿ. ನೋಟ್‌ಬುಕ್ಕಿನ ಹಾಳೆ ಉದ್ದವಿರುತ್ತದೆ, ಮೊದಲು ಸರಿಯಾಗಿ ಚೌಕ ಕತ್ತರಿಸಿಕೊಳ್ಳಿ, ಇಲ್ಲದಿದ್ದರೆ ಕೊಕ್ಕು ಕೂಡುವುದಿಲ್ಲ. ಪ್ರತಿ ಮಡಿಕೆಯನ್ನೂ ಉಗುರಿನಿಂದ ತೀಡಿ. ಅವರು ಕಳಿಸಿದ್ದನ್ನು ಬಿಚ್ಚಬೇಡಿ, ಬಲ್ಲವರ ಹತ್ತಿರ ಖಾಲಿ ಹಾಳೆಯಲ್ಲಿ ಕಲಿಯಿರಿ. ಒಂದೇ ಒಯ್ಯಿರಿ. ಹಬ್ಬಕ್ಕೆ ಎಂಟು ದಿನ ಇರುವಾಗಲೇ ಶುರುಮಾಡಿ, ಹತ್ತಿಪ್ಪತ್ತು ಹಾಳೆ ಕೆಡುತ್ತವೆ, ಕೆಡಲಿ.