ಝೀಟಾಳ ಕೋಣೆಗೆ ಬಂದ ಕಡಲು

ರೊಸಾರಿಯೊ ಹಂಚು ತುಂಬಿಸಿಕೊಂಡು ಹೋದ ಮಂಜಿ ಬೊಂಬಾಯಿ ತಲುಪಲಿಲ್ಲ. ಐವತ್ತಾರನೆಯ ಇಸವಿಯ ಮಳೆಗಾಲದ ಮೊದಲ ಗಾಳಿಗೇ ಆ ಹಾಯಿಹಡಗು ಎಲ್ಲೋ ಮಗುಚಿತೆಂದು ಸುದ್ದಿ ಬಂತು, ಹೆಣ ಬರಲಿಲ್ಲ. ಅವನ ಹೆಂಡತಿ ಝೀಟಾ ಅಳಲಿಲ್ಲ. ಸುಮ್ಮನೆ ಗಂಟು ಕಟ್ಟಿಕೊಂಡು ಕಾಪುವಿನಲ್ಲಿದ್ದ ತಮ್ಮ ಎಡ್ಮಂಡನ ಮನೆ ಸೇರಿದಳು. ಅಲ್ಲಿ ಒಂದು ಬೆಳಿಗ್ಗೆ ಅವಳು ಕಣ್ಣು ಬಿಟ್ಟಾಗ ಕೋಣೆಯೊಳಗೆ ಕಡಲು ಬಂದಿತ್ತು.

ಅವಳಿಗೆ ಹೆದರಿಕೆಯಾಗಲಿಲ್ಲ. ಹಸಿರು ನೀರು, ಉಗುರುಬೆಚ್ಚಗಿತ್ತು. ಮಂಚದ ಕಾಲುಗಳ ಸುತ್ತ ಸಣ್ಣ ಮೀನುಗಳು ಸುಳಿಯುತ್ತಿದ್ದವು. ಈ ನೀರಿನಲ್ಲೇ ರೊಸಾರಿಯೊ ಎಲ್ಲೋ ಹತ್ತಿರದಲ್ಲಿದ್ದಾನೆ ಅನಿಸಿತು. ಅಂದಿನಿಂದ ಅವಳು ಸೀರೆ ಎತ್ತಿ ಹಿಡಿದೇ ಮನೆಯೊಳಗೆ ನಡೆದಳು. ಅಕ್ಕಿಯ ಮಡಕೆಗಳನ್ನು ಅಟ್ಟಕ್ಕೆ ಏರಿಸಿದಳು. ಎಡ್ಮಂಡ್ ಮೊದಮೊದಲು ನಕ್ಕು ಸುಮ್ಮನಾದ.

ಒಂದು ಮಧ್ಯಾಹ್ನ ಅವನ ಹೆಂಡತಿ ಆಂಜೆಲಾ ಬಾವಿಕಟ್ಟೆಯಿಂದ ಬಂದು ನೋಡಿದರೆ ತೊಟ್ಟಿಲು ಬರಿದು. ಮಗು ಅಟ್ಟದ ಅಂಚಿನಲ್ಲಿ, ಮಡಕೆಗಳ ನಡುವೆ ಮಲಗಿ ಕಾಲಾಡಿಸುತ್ತಿತ್ತು.

"ನೀರು ಎದೆಮಟ್ಟ ಬಂತು. ಮಗು ಮುಳುಗಬಾರದಲ್ಲ" ಎಂದಳು ಝೀಟಾ.

ಆ ರಾತ್ರಿ ಆಂಜೆಲಾ ಮಗುವನ್ನು ಮಡಿಲಿನಿಂದ ಕೆಳಗೆ ಇಳಿಸಲೇ ಇಲ್ಲ. ಎಡ್ಮಂಡ್ ಹುಚ್ಚಾಸ್ಪತ್ರೆಗೆ ಸೇರಿಸಲು ಮ್ಯಾಜಿಸ್ಟ್ರೇಟರ ಹುಕುಂ ಮಾಡಿಸಿಕೊಂಡು, ಅಕ್ಕನನ್ನು ಬಸ್ಸು ಹತ್ತಿಸಿದ. ಕಾರ್ಕಳದಲ್ಲಿ ಗುಡ್ಡದ ಮೇಲೆ ಗೊಮ್ಮಟ ಕಂಡ. ಇವನಿಗೆ ಮೊಣಕಾಲಿನವರೆಗೆ ಮಾತ್ರ ನೀರು, ಪುಣ್ಯವಂತ ಅಂದುಕೊಂಡಳು ಝೀಟಾ. ಬಸ್ಸು ಘಟ್ಟ ಹತ್ತಿತು. ಕಿಟಕಿಯಾಚೆ ಮರಗಳು ಪಾಚಿಯ ಹಾಗೆ ಓಲಾಡಿದವು.

ಆಸ್ಪತ್ರೆ ವಿಕ್ಟೋರಿಯಾ ರಾಣಿಯ ಕಾಲದ್ದು. ಕೋಟೆಯಂಥ ಗೋಡೆ, ಕಮಾನಿನ ಸಾಲು, ಎಷ್ಟು ನಡೆದರೂ ಮುಗಿಯದ ಜಗಲಿ. ಒಬ್ಬ ಹೆಂಗಸು ಅವಳ ಬಳೆ ಬಿಚ್ಚಿಸಿ, ದಪ್ಪ ಬಿಳಿ ಸೀರೆ ಕೊಟ್ಟಳು. ವಯಸ್ಸಾದ ಡಾಕ್ಟರು ಎದುರಿಗೆ ಕೂರಿಸಿ ಕೇಳಿದರು:

"ಏನಾಗುತ್ತಮ್ಮ ನಿಮಗೆ?"

"ನನಗೆ ಎಂತದೂ ಇಲ್ಲ. ಮನೆಯೊಳಗೆ ಕಡಲು ಉಂಟು."

"ಇಲ್ಲಿಯೂ ಉಂಟಾ?"

ಅವಳು ಬಗ್ಗಿ ನೋಡಿದಳು. "ಸೊಂಟದವರೆಗೆ ಉಂಟು."

ಡಾಕ್ಟರು ನಗಲಿಲ್ಲ. ಎಡ್ಮಂಡ್ ಮಾತ್ರ ಮುಖ ತಿರುಗಿಸಿಕೊಂಡ. ಹೊರಡುವಾಗ ಅವನು "ಬೇಗ ಬರುತ್ತೇನೆ ಅಕ್ಕ" ಎಂದದ್ದು ಅವಳಿಗೆ ನೀರಿನಡಿಯಿಂದ ಕೇಳಿದಂತೆ ಕೇಳಿಸಿತು. ಮತ್ತೆ ಅವನು ಬರಲಿಲ್ಲ.

ಇಂಜೆಕ್ಷನ್ನು, ಮಾತ್ರೆ, ಹಗಲಿಡೀ ಮಂಪರು. ಡಾಕ್ಟರು ಬಂದಾಗಲೆಲ್ಲ ನೀರು ಎಷ್ಟುಂಟು ಎಂದು ಕೇಳುವರು. ಮೊಣಕಾಲು ಎಂದಳು, ತಿಂಗಳುಗಳ ಮೇಲೆ, ಪಾದ ಎಂದಳು. ಒಂದು ದಿನ ಮಂಚದಿಂದ ಕಾಲಿಟ್ಟರೆ ನೆಲ ಕಲ್ಲಿನದು, ತಣ್ಣಗೆ, ಒಣಗಿತ್ತು. ಮೀನಿಲ್ಲ, ಏನೂ ಇಲ್ಲ.

"ಇನ್ನು ಅವರು ಬರುವುದಿಲ್ಲ ಅಲ್ವಾ ಡಾಕ್ಟ್ರೇ?" ಎಂದಳು. ಅಂದು ಮೊದಲ ಬಾರಿ ಗಂಡನಿಗಾಗಿ ಅತ್ತಳು.

ಮೂರು ವರ್ಷದ ಮೇಲೆ ಆಸ್ಪತ್ರೆಯವರೇ ಅವಳನ್ನು ಕಾಪುವಿಗೆ ಕಳುಹಿಸಿದರು. ಊರಿನಲ್ಲೆಲ್ಲ ಅವಳು ಬೊಂಬಾಯಿಯಲ್ಲಿ ಆಯಾ ಕೆಲಸದಲ್ಲಿದ್ದಾಳೆಂದು ಎಡ್ಮಂಡ್ ಹೇಳಿಬಿಟ್ಟಿದ್ದ. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದು ಹೊರಬಂದಾಗ, ನೆರೆಮನೆಯ ವೆರೊನಿಕಾ ಕೈಹಿಡಿದು ಕೇಳಿದಳು: "ಬೊಂಬಾಯಿ ಹೇಗುಂಟು?"

ಆಂಜೆಲಾ ಅತ್ತಿಗೆಯ ಸೆರಗು ಮೆಲ್ಲನೆ ಜಗ್ಗಿದಳು. ಝೀಟಾ ಸೆರಗನ್ನು ಮೃದುವಾಗಿ ಬಿಡಿಸಿಕೊಂಡಳು.

"ನಾನು ಬೊಂಬಾಯಿಗೆ ಹೋಗಲಿಲ್ಲ. ನನಗೆ ತಲೆ ಕೆಟ್ಟಿತ್ತು. ಘಟ್ಟದ ಮೇಲಿನ ಆಸ್ಪತ್ರೆಯಲ್ಲಿದ್ದೆ. ಈಗ ಗುಣವಾಗಿದೆ."

ಎಡ್ಮಂಡ್ ವಾರವಿಡೀ ಅವಳೊಡನೆ ಮಾತಾಡಲಿಲ್ಲ. ಚರ್ಚಿನ ಹೆಂಗಸರು ದಾರಿಯಲ್ಲಿ ಸಿಕ್ಕರೆ ಬದಿಗೆ ಸರಿದರು. ಆಮೇಲೊಂದು ಸಂಜೆ ಮೀನು ವ್ಯಾಪಾರಿ ಹಾಜಬ್ಬನ ಹೆಂಡತಿ ಆಸಿಯಮ್ಮ ಹಿಂಬಾಗಿಲಿಗೆ ಬಂದು ನಿಂತಳು. ಅವಳ ಸೊಸೆ ಹೆತ್ತ ಮೇಲೆ ನಿದ್ದೆ ಬಿಟ್ಟಿದ್ದಳು, ಗೋಡೆಯೊಡನೆ ಮಾತಾಡುತ್ತಿದ್ದಳು.

"ಝೀಟಾ ಬಾಯಮ್ಮ, ಆ ಆಸ್ಪತ್ರೆಯಲ್ಲಿ ಹೊಡೆಯುತ್ತಾರಾ?" ಆಸಿಯಮ್ಮನ ದನಿ ತಗ್ಗಿತ್ತು.

"ನನಗೆ ಹೊಡೆಯಲಿಲ್ಲ" ಎಂದು ಝೀಟಾ ಚಪ್ಪಲಿ ಮೆಟ್ಟಿಕೊಂಡಳು. "ನಡೆಯಿರಿ. ಮೊದಲು ಅವಳಿಗೆ ಗೋಡೆಯಲ್ಲಿ ಏನು ಕಾಣುತ್ತದೆ ಅಂತ ಕೇಳುವ."